ಹಂದಿಯೋ, ಬಾಣಂತಿಯೋ?

ಒಂದ್ನಿಮಿಷ, ಸ್ಕ್ರೋಲ್ ಮಾಡ್ಬೇಡಿ. ಈ ಬಾಣಂತಿಯನ್ನು ನೋಡಿ. ಜೋಲುಕಿವಿ, ಹಂದಿಯಂಥ ಮೂತಿ, ಕೈ ಮಾತ್ರ ನಮ್ಮ ಥರಾನೇ. ಮೈತುಂಬ ಸುಕ್ಕು, ನವಿರು ಕೂದಲು. ಚೆಂದ ಅನ್ನೋಕಾಗಲ್ಲ, ಕಣ್ಣು ತೆಗೆಯೋಕೂ ಆಗಲ್ಲ.

ಆಸ್ಟ್ರೇಲಿಯಾದ ಕಲಾವಿದೆ ಪೆಟ್ರಿಷಿಯಾ ಪಿಚಿನೀನಿ 2002ರಲ್ಲಿ ಮಾಡಿದ ‘ದ ಯಂಗ್ ಫ್ಯಾಮಿಲಿ’ ಅನ್ನೋ ಶಿಲ್ಪ ಇದು. ಮೈ ಸಿಲಿಕೋನ್‌ದು, ಕೂದಲು ಮಾತ್ರ ನಿಜವಾದ ಮನುಷ್ಯರದ್ದು! 2003ರಲ್ಲಿ ವೆನಿಸ್ ಬಿನಾಲೆ ಕಲಾಪ್ರದರ್ಶನಕ್ಕೂ ಹೋಗಿತ್ತು. ಹಂದಿಯ ಅಂಗಗಳನ್ನು ನಮಗೆ ಕಸಿ ಮಾಡೋ ಸಂಶೋಧನೆ ಇದೆಯಲ್ಲ, ಈ ಶಿಲ್ಪದ ಎಳೆ ಅಲ್ಲಿಂದ ಬಂದಿದ್ದು.

ಈಗ ಮರಿಗಳನ್ನು ನೋಡಿ. ಮೂರು ಹಾಲು ಕುಡೀತಿವೆ. ಇನ್ನೊಂದು ಅಂಗಾತ ಬಿದ್ದು ತನ್ನ ಪಾಡಿಗೆ ಆಡ್ತಿದೆ. ತಾಯಿಯ ಮುಖದಲ್ಲಿ ದಣಿವು. ‘ಛೀ’ಯಿಂದ ‘ಅಯ್ಯೋ ಪಾಪ’ಕ್ಕೆ ಬರೋಕೆ ನನಗೆ ಹತ್ತು ಸೆಕೆಂಡ್ ಸಾಕಾಯ್ತು. ನಿಮಗೆ?