ಶಾಸಕರ ಮುಂದೆ ನಮ್ಮ ಮಕ್ಕಳು

ಕಳೆದ ವರ್ಷ ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಸಂಘದ ಸದಸ್ಯರೊಬ್ಬರು ಊರಿಗೆ ವಿಡಿಯೋ ಕಾಲ್ ಮಾಡಿದ್ದರು. ಒಂಬತ್ತನೇ ತರಗತಿಯ ಮಗಳಿಗೆ ಮೂತ್ರದ ಸೋಂಕು, ಜ್ವರ. ಆ ವರ್ಷ ಅದು ಎರಡನೇ ಸಲ. "ನೀರೇ ಕುಡಿಯುವುದಿಲ್ಲವಂತೆ, ಡಾಕ್ಟರು ಬೈದರು" ಎಂದರು ಹೆಂಡತಿ. ಯಾಕಮ್ಮ ಎಂದು ಕೇಳಿದರೆ ಮಗಳು ತಲೆ ತಗ್ಗಿಸಿದಳು. ಆಮೇಲೆ ತಾಯಿಯಿಂದಲೇ ವಿಷಯ ತಿಳಿಯಿತು. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಬರುವವರೆಗೆ ನೀರು ಕುಡಿಯದೆ ಇರುವುದೇ ಅವಳು ಕಂಡುಕೊಂಡ ಉಪಾಯ. ಮುಟ್ಟಿನ ದಿನಗಳಲ್ಲಿ ಶಾಲೆಗೇ ಹೋಗುವುದಿಲ್ಲ.

"ಟ್ಯಾಬ್ ಕಳಿಸಿದೆ, ಶೂ ಕಳಿಸಿದೆ. ಇದೊಂದು ಗೊತ್ತೇ ಆಗಲಿಲ್ಲ" ಎಂದು ಅವರು ಹೇಳಿದಾಗ ರೂಮಿನಲ್ಲಿದ್ದ ನಾವು ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ಹೆಚ್ಚಿನವರ ಮಕ್ಕಳು ಓದುವುದು ಊರಿನ ಅಂಥದೇ ಶಾಲೆಗಳಲ್ಲಿ.

ಗಲ್ಫ್‌ನವರಾದ ನಮಗೆ ಗೊತ್ತಿರುವ ಮದ್ದು ಒಂದೇ: ಹಣ ಕೂಡಿಸುವುದು. ಒಂದು ವಾರದಲ್ಲಿ ಟ್ಯಾಂಕ್ ಮತ್ತು ಪಂಪಿಗೆ ಬೇಕಾದಷ್ಟು ಸೇರಿತು. ಶಾಲೆಯ ಟೀಚರ್ ಒಬ್ಬರಿಗೆ ಫೋನ್ ಮಾಡಿದೆವು. ಅವರು ಸಂತೋಷಪಟ್ಟರು, ಆದರೆ ಒಂದು ಮಾತು ಹೇಳಿದರು: "ರಜೆಗೆ ಬಂದಾಗ ಮೊದಲು ಮಕ್ಕಳ ಜೊತೆ ಮಾತಾಡಿ. ಆಮೇಲೆ ಟ್ಯಾಂಕ್ ತನ್ನಿ."

ಜುಲೈನಲ್ಲಿ ರಜೆ ಸಿಕ್ಕಿದ ನಾವು ಮೂವರು ಹೋದೆವು. ನಮ್ಮ ಯೋಜನೆ ಕೇಳಿ ಒಬ್ಬಳು ಹುಡುಗಿ ಕೇಳಿದಳು: "ಅಂಕಲ್, ಪಂಪ್ ಹಾಳಾದರೆ ಮತ್ತೆ ನೀವೇ ಕಳಿಸ್ತೀರಾ? ಪಕ್ಕದ ಊರಿನ ಶಾಲೆಗೆ ಯಾರು ಕಳಿಸ್ತಾರೆ?" ನಮ್ಮ ಬಳಿ ಉತ್ತರ ಇರಲಿಲ್ಲ. ಶಾಸಕರನ್ನೇ ಕೇಳೋಣ ಎಂಬ ಯೋಚನೆ ಹುಟ್ಟಿದ್ದು ಅಲ್ಲಿ.

ಮಕ್ಕಳು ಕೇಳುವುದು ನಮ್ಮ ನಾಡಿಗೆ ಹೊಸದಲ್ಲ. ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ ಮಕ್ಕಳ ಪಂಚಾಯತಿ ನಡೆದದ್ದು 1990ರ ದಶಕದಲ್ಲಿ. ಇಂದು ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ದೊಡ್ಡ ವಿವಾದವಾಯಿತು. ಆಗ ಗಂಗಾವತಿಯ ಶಾಲಾ ಹುಡುಗಿಯರು ನಮಗೆ ಮೊಟ್ಟೆ ಬೇಕು ಎಂದು ಧೈರ್ಯವಾಗಿ ಮಾತಾಡಿದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಮೊಟ್ಟೆ ಆಮೇಲೆ ಇಡೀ ರಾಜ್ಯಕ್ಕೆ ಬಂತು.

ಕೇಳಬೇಕಾದದ್ದೂ ಕಡಿಮೆಯಿಲ್ಲ. 10ರಿಂದ 19 ವರ್ಷದವರನ್ನು ಹದಿಹರೆಯದವರು ಎನ್ನುತ್ತಾರೆ. ಇವರಿಗಾಗಿಯೇ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಪೌಷ್ಟಿಕತೆ, ಮನಸ್ಸಿನ ಆರೋಗ್ಯ, ದುಶ್ಚಟ, ಹಿಂಸೆ ಎಲ್ಲವೂ ಅದರಲ್ಲಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ವ್ಯವಸ್ಥೆ ಇದೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲೂ 31 ಮಂದಿಗೆ ಇದೆ. ಎಲ್ಲ ಶಾಲೆಗಳಲ್ಲೂ ಶೌಚಾಲಯ ಇರಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ತಯಾರಿಗೆ ಮೂರು ಭಾನುವಾರ ಹಿಡಿಯಿತು. ತಂದೆತಾಯಿ ಮತ್ತು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಐದು ಮಕ್ಕಳು ಮುಂದೆ ಬಂದರು, ಮೂವರು ಹುಡುಗಿಯರು, ಇಬ್ಬರು ಹುಡುಗರು.

ಮೊದಲ ಭಾನುವಾರ ಅವರು ಬರೆದದ್ದು ಹದಿನಾಲ್ಕು ಬೇಡಿಕೆ. ಆಟದ ಮೈದಾನ, ಬಸ್ಸು, ಕಂಪ್ಯೂಟರ್, ಎಲ್ಲವೂ ಇತ್ತು. "ಹದಿನಾಲ್ಕು ಕೇಳಿದರೆ ಹದಿನಾಲ್ಕಕ್ಕೂ 'ನೋಡೋಣ' ಅಂತಾರೆ" ಎಂದರು ಟೀಚರ್. ಕೊನೆಗೆ ಒಂದೇ ಉಳಿಯಿತು: ಹುಡುಗಿಯರ ಶೌಚಾಲಯಕ್ಕೆ ನೀರು.

ಎರಡನೇ ಭಾನುವಾರದ ಹೊತ್ತಿಗೆ ಮಕ್ಕಳು ಲೆಕ್ಕ ತಂದಿದ್ದರು. ನಲ್ಲಿಯಲ್ಲಿ ಯಾವ ದಿನ ನೀರು ಬಂತು, ಯಾವ ದಿನ ಬರಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿದ್ದರು. ಯಾರ ಹೆಸರೂ ಇರಲಿಲ್ಲ. ಯಾವ ಹುಡುಗಿಯೂ ತನ್ನ ಮುಟ್ಟಿನ ವಿಷಯ ಅಪರಿಚಿತರ ಮುಂದೆ ಹೇಳಬೇಕಾಗಿಲ್ಲ, 'ನನಗೆ' ಎನ್ನುವ ಬದಲು 'ನಮ್ಮ ಶಾಲೆಯಲ್ಲಿ' ಎಂದರೆ ಸಾಕು ಎಂದು ಮೊದಲೇ ತೀರ್ಮಾನಿಸಿದ್ದೆವು.

ಅದೇ ದಿನ ಶಾಸಕರ ಕೆಲಸ ಏನೆಂಬ ಪಾಠವೂ ಆಯಿತು, ಮಕ್ಕಳ ಜೊತೆ ನಮಗೂ. ವಿಧಾನಸಭೆಯಲ್ಲಿ 224 ಸದಸ್ಯರು, ವಿಧಾನ ಪರಿಷತ್ತಿನಲ್ಲಿ 75. ಸದಸ್ಯರು ಅಧಿವೇಶನಕ್ಕೆ ಮೊದಲೇ ಬರೆದು ಕೊಟ್ಟರೆ ಸಂಬಂಧಪಟ್ಟ ಸಚಿವರು ಉತ್ತರಿಸಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಇಷ್ಟು ವರ್ಷ ಶಾಸಕರೆಂದರೆ ರಸ್ತೆ, ಮದುವೆ, ಉದ್ಘಾಟನೆ ಎಂದೇ ನಾವು ತಿಳಿದಿದ್ದೆವು.

ಮೂರನೇ ಭಾನುವಾರ ರಿಹರ್ಸಲ್. ನಮ್ಮಲ್ಲೊಬ್ಬರು ಶಾಸಕರಾಗಿ ಕುಳಿತರು. ನಡುವೆ ಫೋನ್ ತೆಗೆದರು, "ನಿಮ್ಮಪ್ಪ ಯಾರು?" ಎಂದು ಕೇಳಿದರು, ಮಾತು ತಪ್ಪಿಸಿದರು. ಮೊದಲ ಸಲ ಮಕ್ಕಳು ನಕ್ಕುಬಿಟ್ಟರು. ನಾಲ್ಕನೇ ಸಲಕ್ಕೆ ಎರಡು ನಿಮಿಷದಲ್ಲಿ ವಿಷಯ ಮುಗಿಸಲು ಕಲಿತರು. ದೊಡ್ಡವರಾದ ನಮಗೆ ಟೀಚರ್ ಹಾಕಿದ ನಿಯಮ ಒಂದೇ: ಒಳಗೆ ಹೋದ ಮೇಲೆ ಬಾಯಿ ತೆರೆಯಬಾರದು.

ಶಾಸಕರ ಕಚೇರಿಯಲ್ಲಿ ಅರ್ಜಿ ಹಿಡಿದವರ ಸಾಲು ದೊಡ್ಡದಿತ್ತು. ನಮ್ಮ ಸರದಿ ಬಂದಾಗ ಮಧ್ಯಾಹ್ನ. ಹುಡುಗಿ ಮಾತಾಡಿದಳು, ಜೊತೆಗಿದ್ದ ಹುಡುಗ ನೋಟ್‌ಬುಕ್ ತೋರಿಸಿದ. "ಹುಡುಗಿಯರ ಶೌಚಾಲಯದ ವಿಷಯ ನೀನ್ಯಾಕಪ್ಪ ಹೇಳ್ತೀಯಾ?" ಎಂದು ಅಲ್ಲಿದ್ದ ಒಬ್ಬರು ನಗಾಡಿದರು. "ನನ್ನ ತಂಗಿಯೂ ಅದೇ ಶಾಲೆಗೆ ಬರ್ತಾಳೆ" ಎಂದ. ಆ ನಗು ಅಲ್ಲೇ ನಿಂತಿತು.

ಶಾಸಕರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಕೂಡಲೇ ಸಹಾಯಕರನ್ನು ಕರೆದು ಟ್ಯಾಂಕ್ ಮಂಜೂರು ಮಾಡಿಸಲು ಹೇಳಿದರು. ನಮಗೆ ಕೆಲಸ ಮುಗಿಯಿತು ಅನ್ನಿಸಿ ಏಳಲು ಹೊರಟೆವು. ಮಕ್ಕಳು ಏಳಲಿಲ್ಲ. "ತುಂಬಾ ಉಪಕಾರ ಸರ್. ಆದರೆ ತಾಲ್ಲೂಕಿನ ಬೇರೆ ಶಾಲೆಗಳ ಬಗ್ಗೆ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳ್ತೀರಾ?" ಎಂದಳು ಹುಡುಗಿ. ಬರೆದು ತಂದಿದ್ದ ಪ್ರಶ್ನೆಯನ್ನು ಮೇಜಿನ ಮೇಲಿಟ್ಟಳು. ಶಾಸಕರು ಅದನ್ನು ಎರಡು ಸಲ ಓದಿ ಜೇಬಿನಲ್ಲಿ ಇಟ್ಟುಕೊಂಡರು.

ನಾವು ಡ್ಯೂಟಿಗೆ ಮರಳಿದೆವು. ಟ್ಯಾಂಕ್ ಬಂತು. ಕೆಲವು ತಿಂಗಳ ಮೇಲೆ ಪ್ರಶ್ನೆಗೆ ಲಿಖಿತ ಉತ್ತರವೂ ಬಂತು. ಟೀಚರ್ ಅದರ ಫೋಟೋ ಕಳಿಸಿದರು. ತಾಲ್ಲೂಕಿನ ಎಲ್ಲ ಪ್ರೌಢಶಾಲೆಗಳ ಪಟ್ಟಿ, ಪ್ರತಿಯೊಂದರ ಮುಂದೆಯೂ 'ಶೌಚಾಲಯ ಇದೆ'. ನೀರಿನ ಮಾತೇ ಇಲ್ಲ. ನಮಗೆ ಬೇಸರವಾಯಿತು. ಮಕ್ಕಳಿಗೆ ಆಗಲಿಲ್ಲ. "ತಪ್ಪು ನಮ್ಮದೇ ಅಂಕಲ್. 'ಶೌಚಾಲಯ ವ್ಯವಸ್ಥೆ ಇದೆಯೇ' ಅಂತ ಬರೆದಿದ್ದೆವು. ಈ ಸಲ ನಲ್ಲಿಯಲ್ಲಿ ನೀರು ಬರುತ್ತದೆಯೇ, ಯಾವ ದಿನದಿಂದ, ಕೆಟ್ಟರೆ ಯಾರು ಸರಿಮಾಡಬೇಕು ಅಂತ ಬಿಡಿಸಿ ಬರೀತೇವೆ" ಎಂದರು. ಪಕ್ಕದ ಎರಡು ಶಾಲೆಗಳ ಮಕ್ಕಳೂ ಈಗ ನೋಟ್‌ಬುಕ್ ಇಟ್ಟಿದ್ದಾರೆ.

ಬಂಧುಗಳೇ, ನಾವು ಕೂಡಿಸಿದ ಹಣ ವ್ಯರ್ಥವಾಗಲಿಲ್ಲ. ಮಕ್ಕಳು ಓಡಾಡಿದ ಬಸ್ಸಿನ ಖರ್ಚು, ಜೆರಾಕ್ಸ್, ಊಟಕ್ಕೆ ಸ್ವಲ್ಪ ಹೋಯಿತು, ಉಳಿದದ್ದು ಮುಂದಿನ ತಯಾರಿಗೆ ಇದೆ. ದಾನ ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಸರ್ಕಾರ ಕೊಡಲೇಬೇಕಾದದ್ದನ್ನು ನಾವೇ ಕೊಟ್ಟು ಮುಗಿಸಿದರೆ, ಗಲ್ಫ್‌ನಲ್ಲಿ ಅಪ್ಪ ಇಲ್ಲದ ಮಕ್ಕಳ ಶಾಲೆಗೆ ನೀರು ಬರುವುದು ಹೇಗೆ?

ಈ ಸಲ ರಜೆಗೆ ಹೋದಾಗ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಮೇಲೆ ಒಂದು ಪ್ರಶ್ನೆ ಕೇಳಿ: ಶಾಲೆಯಲ್ಲಿ ನೀರು ಕುಡಿಯುತ್ತೀರಾ? ಉತ್ತರ ಬರಲು ಹೊತ್ತು ಹಿಡಿದರೆ ಕಾಯಿರಿ. ಮನಸ್ಸಿನ ಸಂಕಟವಾದರೆ ಟೆಲಿ ಮಾನಸ್ 14416, ಬೇರೆ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098 ಇದೆ ಎಂದು ಅವರಿಗೆ ಹೇಳಿಕೊಡಿ.

ನಮ್ಮ ಸದಸ್ಯರ ಮಗಳು ಈಗ ಹತ್ತನೇ ತರಗತಿ. ಶಾಲೆಗೆ ಬಾಟಲಿ ತುಂಬ ನೀರು ತೆಗೆದುಕೊಂಡು ಹೋಗುತ್ತಾಳೆ, ಸಂಜೆ ಬರುವಾಗ ಖಾಲಿ ತರುತ್ತಾಳೆ. ಶುಕ್ರವಾರದ ಕಾಲ್‌ನಲ್ಲಿ ಆ ಖಾಲಿ ಬಾಟಲಿಯನ್ನು ಅಪ್ಪನಿಗೆ ತೋರಿಸುತ್ತಾಳೆ.