ಕೂದಲು ತೆಗೆಯಲು ಕ್ಲಿನಿಕ್ಕಿನ ಲೇಸರೋ, ಮನೆಯ ಬೆಳಕಿನ ಮೆಷಿನ್ನೋ?

ತಿಂಗಳು ತಿಂಗಳು ವ್ಯಾಕ್ಸಿಂಗ್ ಮಾಡಿಸಿ ಬೇಸತ್ತವರಿಗೆ ಈಗ ಎರಡು ದಾರಿಗಳಿವೆ. ಒಂದು, ಚರ್ಮದ ಡಾಕ್ಟರ ಹತ್ತಿರ ಲೇಸರ್ ಮಾಡಿಸಿಕೊಳ್ಳುವುದು. ಇನ್ನೊಂದು, ಬೆಳಕಿನ ಮೆಷಿನ್ ತರಿಸಿಕೊಂಡು ಮನೆಯಲ್ಲೇ ಹಿಡಿದುಕೊಳ್ಳುವುದು. ಜಾಹೀರಾತು ನೋಡಿದರೆ ಎರಡರ ಕೆಲಸವೂ ಒಂದೇ, ಬೆಲೆ ಮಾತ್ರ ಬೇರೆ ಅನ್ನಿಸುತ್ತದೆ. ಆದರೆ ನಿಮಗೆ ಯಾವುದು ಸರಿ ಎನ್ನುವುದನ್ನು ಬೆಲೆಗಿಂತ ಮೊದಲು ನಿಮ್ಮ ಚರ್ಮದ ಬಣ್ಣ ತೀರ್ಮಾನಿಸುತ್ತದೆ. ಆ ಜಾಹೀರಾತುಗಳಲ್ಲಿ ಬರುವ ಕಾಲುಗಳೆಲ್ಲ ಹಾಲುಬಿಳುಪು ಎಂಬುದನ್ನು ಗಮನಿಸಿದ್ದೀರಾ?

ಮೊದಲು ಕೆಲಸ ಮಾಡುವ ಬಗೆ ನೋಡೋಣ. ಕೂದಲಿಗೆ ಕಪ್ಪು ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಬೆಳಕು ಬಿದ್ದಾಗ ಮೆಲನಿನ್ ಅದನ್ನು ಹೀರಿಕೊಂಡು ಬಿಸಿಯಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಕಪ್ಪು ಸೀಟು ಕಾದಂತೆ. ಆ ಶಾಖ ಕೂದಲಿನ ಗುಂಟ ಇಳಿದು ಬುಡವನ್ನು ಸುಡುತ್ತದೆ. ಬುಡಕ್ಕೆ ಪೆಟ್ಟು ಬಿದ್ದ ಕೂದಲು ಒಂದೆರಡು ವಾರದಲ್ಲಿ ಉದುರುತ್ತದೆ. ಮತ್ತೆ ಹುಟ್ಟಿದರೂ ತೆಳ್ಳಗೆ, ನಿಧಾನವಾಗಿ ಹುಟ್ಟುತ್ತದೆ. ಸುತ್ತಲಿನ ಚರ್ಮವನ್ನು ಬಿಟ್ಟು ಗುರಿಯನ್ನಷ್ಟೇ ಸುಡಬಹುದು ಎಂಬ ಈ ತತ್ವವನ್ನು ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ವಿಜ್ಞಾನಿಗಳು 1983ರಲ್ಲಿ ಪ್ರಕಟಿಸಿದರು. ಲೇಸರ್‌ಗೂ ಮನೆಯ ಮೆಷಿನ್‌ಗೂ ಆಧಾರ ಇದೇ.

ತೊಂದರೆ ಇರುವುದೂ ಇಲ್ಲೇ. ಮೆಲನಿನ್ ಕೂದಲಿನಲ್ಲಿ ಮಾತ್ರವಲ್ಲ, ಚರ್ಮದಲ್ಲೂ ಇದೆ. ಬಿಳಿ ಚರ್ಮದ ಮೇಲೆ ಕಪ್ಪು ಕೂದಲಿದ್ದರೆ ಬೆಳಕಿಗೆ ಗುರಿ ಸುಲಭ. ಚರ್ಮವೂ ಕಪ್ಪಿದ್ದರೆ ಬೆಳಕಿನ ಒಂದು ಪಾಲನ್ನು ಚರ್ಮವೇ ಹೀರಿಕೊಂಡು ಸುಡುತ್ತದೆ, ಕಲೆಯಾಗುತ್ತದೆ. ಡಾಕ್ಟರುಗಳು ಚರ್ಮವನ್ನು ಒಂದರಿಂದ ಆರರವರೆಗೆ ವಿಂಗಡಿಸುತ್ತಾರೆ. ಇದಕ್ಕೆ ಫಿಟ್ಜ್‌ಪ್ಯಾಟ್ರಿಕ್ ಅಳತೆ ಎನ್ನುತ್ತಾರೆ. ಒಂದು ಎಂದರೆ ಅತಿ ಬಿಳಿ, ಆರು ಎಂದರೆ ಅತಿ ಕಪ್ಪು. ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದರಲ್ಲಿ ಬರುತ್ತೇವೆ.

ಈಗ ಎರಡು ಸಾಧನಗಳಿಗಿರುವ ವ್ಯತ್ಯಾಸಕ್ಕೆ ಬರೋಣ. ಲೇಸರ್ ಎಂದರೆ ಒಂದೇ ತರಂಗಾಂತರದ ಬೆಳಕು, ಅಂದರೆ ಒಂದೇ ಬಗೆಯ ಅಲೆ. ಅಲೆಕ್ಸಾಂಡ್ರೈಟ್ ಲೇಸರಿನದು 755 ನ್ಯಾನೋಮೀಟರ್, ಡಯೋಡ್‌ನದು ಸುಮಾರು 810, ಎನ್‌ಡಿ-ಯಾಗ್‌ನದು 1064. ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಆಳಕ್ಕೆ ಇಳಿಯುತ್ತದೆ, ಮೇಲ್ಚರ್ಮದ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಹಾಗಾಗಿ ಕಪ್ಪು ಚರ್ಮಕ್ಕೆ ಎನ್‌ಡಿ-ಯಾಗ್ ಅತಿ ಸುರಕ್ಷಿತ. ಎಣ್ಣೆಗೆಂಪು, ಗೋಧಿ ಬಣ್ಣದವರಿಗೆ ಡಯೋಡ್ ಸಾಮಾನ್ಯವಾಗಿ ಸಾಕು. ಕ್ಲಿನಿಕ್‌ಗೆ ಹೋದಾಗ “ನಿಮ್ಮದು ಯಾವ ಲೇಸರ್?” ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಮನೆಯ ಮೆಷಿನ್‌ಗಳಲ್ಲಿ ಹೆಚ್ಚಿನವು ಲೇಸರ್ ಅಲ್ಲ, ಐಪಿಎಲ್. ಕ್ರಿಕೆಟ್ಟಿನದಲ್ಲ! ಇಂಟೆನ್ಸ್ ಪಲ್ಸ್ಡ್ ಲೈಟ್, ಅಂದರೆ ಕ್ಯಾಮೆರಾದ ಫ್ಲ್ಯಾಷ್ ತರಹ ಬಡಿಯುವ ತೀಕ್ಷ್ಣ ಬೆಳಕು. ಇದರಲ್ಲಿ ಒಂದೇ ಅಲೆ ಇರುವುದಿಲ್ಲ, ಹಲವು ಅಲೆಗಳು ಬೆರೆತಿರುತ್ತವೆ. ಶಕ್ತಿಯೂ ಕಡಿಮೆ. ಕ್ಲಿನಿಕ್ಕಿನ ಡಯೋಡ್ ಲೇಸರ್ ಪ್ರತಿ ಚದರ ಸೆಂಟಿಮೀಟರಿಗೆ 10ರಿಂದ 40 ಜೌಲ್ (ಶಕ್ತಿಯ ಅಳತೆ) ಕೊಡಬಲ್ಲದು. ಮನೆಯ ಐಪಿಎಲ್ ಸಾಮಾನ್ಯವಾಗಿ ಆರೇಳು ಜೌಲ್ ದಾಟುವುದಿಲ್ಲ. ತರಬೇತಿ ಇಲ್ಲದವರ ಕೈಗೆ ಕೊಡುವ ವಸ್ತುವಾದ್ದರಿಂದ ಕಂಪನಿಗಳು ಬೇಕೆಂದೇ ಹಾಗೆ ಮಾಡಿರುತ್ತವೆ. ಅದು ತಪ್ಪಲ್ಲ, ಆದರೆ ಪರಿಣಾಮವೂ ಅಷ್ಟಕ್ಕೇ ನಿಲ್ಲುತ್ತದೆ.

“ಹಾಗಾದರೆ ಲೇಸರ್ ಮಾಡಿಸಿದರೆ ಜನ್ಮಪೂರ್ತಿ ಕೂದಲು ಬರುವುದಿಲ್ಲವೇ?” ಬರುತ್ತದೆ, ಕಡಿಮೆ ಬರುತ್ತದೆ. ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಸರ್ ಕಂಪನಿಗಳಿಗೆ ‘ಶಾಶ್ವತ ಇಳಿಕೆ’ ಎಂದು ಹೇಳಿಕೊಳ್ಳಲು ಬಿಟ್ಟಿದೆಯೇ ಹೊರತು ‘ಶಾಶ್ವತ ನಿವಾರಣೆ’ ಎನ್ನಲು ಬಿಟ್ಟಿಲ್ಲ. ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಯುವುದೂ ಇಲ್ಲ. ಯಾವುದೇ ಹೊತ್ತಿನಲ್ಲಿ ಒಂದಷ್ಟು ಕೂದಲು ಬೆಳೆಯುತ್ತಿರುತ್ತವೆ, ಒಂದಷ್ಟು ಸುಮ್ಮನೆ ನಿಂತಿರುತ್ತವೆ. ಬೆಳಕಿನ ಪೆಟ್ಟು ಬೀಳುವುದು ಬೆಳೆಯುತ್ತಿರುವವಕ್ಕೆ ಮಾತ್ರ. ಅದಕ್ಕೇ ನಾಲ್ಕರಿಂದ ಎಂಟು ವಾರಕ್ಕೊಮ್ಮೆ, ಒಟ್ಟು ಆರರಿಂದ ಎಂಟು ಸಿಟ್ಟಿಂಗ್ ಹೇಳುತ್ತಾರೆ. ಆಮೇಲೂ ವರ್ಷಕ್ಕೊಂದೆರಡು ಸಲ ಹೋಗಬೇಕಾಗಬಹುದು. ಮನೆಯ ಮೆಷಿನ್ ಆದರೆ ಮೊದಲ ಎರಡು ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ ಬಳಸಬೇಕು. ಬಿಟ್ಟರೆ ಕೆಲವು ತಿಂಗಳಲ್ಲಿ ಕೂದಲು ಮರಳುತ್ತದೆ. ಈ ಮೆಷಿನ್‌ಗಳು ಕಪಾಟು ಸೇರುವುದು ಹೆಚ್ಚಾಗಿ ಶಕ್ತಿ ಸಾಲದ್ದಕ್ಕಲ್ಲ, ನಮ್ಮ ಶಿಸ್ತು ಸಾಲದ್ದಕ್ಕೆ.

ನೆರೆತ ಕೂದಲಿಗೆ ಎರಡೂ ನಡೆಯುವುದಿಲ್ಲ. ಬಣ್ಣವೇ ಇಲ್ಲದ ಮೇಲೆ ಬೆಳಕು ಹಿಡಿಯುವುದು ಯಾವುದನ್ನು? ಗದ್ದದ ಮೇಲೆ ಬಿಳಿ ಕೂದಲು ಬಂದವರಿಗೆ ಎಲೆಕ್ಟ್ರಾಲಿಸಿಸ್ ಇದೆ. ಒಂದೊಂದೇ ಬುಡಕ್ಕೆ ಸಣ್ಣ ಸೂಜಿಯಿಂದ ವಿದ್ಯುತ್ ಹಾಯಿಸಿ ಸುಡುತ್ತಾರೆ. ನಿಧಾನದ ಕೆಲಸ, ಆದರೆ ಕೂದಲಿನ ಬಣ್ಣದ ಹಂಗಿಲ್ಲ.

ಮುಖದ ವಿಷಯ ಬೇರೆಯೇ. ಗದ್ದ, ಕೆನ್ನೆಯ ಬದಿಯಲ್ಲಿ ದಪ್ಪ ಕೂದಲು ಬರುತ್ತಿದೆ, ಮುಟ್ಟು ಏರುಪೇರಾಗಿದೆ, ಮೊಡವೆಯೂ ಇದೆ ಎಂದಾದರೆ ಪಿಸಿಓಎಸ್ ಇರಬಹುದು, ಅಂದರೆ ಅಂಡಾಶಯ ಮತ್ತು ಹಾರ್ಮೋನಿನ ತೊಂದರೆ. ಮೊದಲು ಡಾಕ್ಟರಿಗೆ ತೋರಿಸಿ. ಒಳಗಿನ ಹಾರ್ಮೋನು ಹೊಸ ಕೂದಲನ್ನು ತಳ್ಳುತ್ತಿರುವಾಗ ಹೊರಗಿನಿಂದ ಎಷ್ಟು ಸುಟ್ಟರೂ ದುಡ್ಡು ಹೋಗುತ್ತಿರುತ್ತದೆ. ಇನ್ನೊಂದು ಅಪಾಯವೂ ಇದೆ. ಕೆಲವರಿಗೆ ಮುಖ, ಕುತ್ತಿಗೆಯಲ್ಲಿ ಬೆಳಕು ಬಿದ್ದ ಮೇಲೆ ಕೂದಲು ಹೆಚ್ಚಾಗುತ್ತದೆ. ನಮ್ಮಂಥ ಬಣ್ಣದ ಚರ್ಮದಲ್ಲಿ ಹೀಗಾಗುವುದು ಜಾಸ್ತಿ, ಕಡಿಮೆ ಶಕ್ತಿಯ ಬೆಳಕೂ ಒಂದು ಕಾರಣ ಇರಬಹುದು ಎಂದು ತಜ್ಞರ ಅನುಮಾನ. ಆದ್ದರಿಂದ ಮುಖಕ್ಕೆ ಮನೆಯ ಮೆಷಿನ್ ಬೇಡ ಎಂದೇ ಹೇಳುತ್ತೇನೆ. ಹುಬ್ಬು ಮತ್ತು ಕಣ್ಣಿನ ಸುತ್ತ ಅಂತೂ ಯಾವ ಬೆಳಕೂ ಬೇಡ, ಥ್ರೆಡ್ಡಿಂಗೇ ಸಾಕು. ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಕನ್ನಡಕ ಕೊಡದೆ ಲೇಸರ್ ಶುರು ಮಾಡಿದರೆ ತಡೆದು ಕೇಳಿ.

ಖರ್ಚು ಊರಿಂದೂರಿಗೆ ಬೇರೆ. ಬೆಂಗಳೂರಿನಲ್ಲಿ ಕಂಕುಳಿಗೆ ಒಂದು ಸಿಟ್ಟಿಂಗ್‌ಗೆ ಅಂದಾಜು 1,500ರಿಂದ 4,000 ರೂಪಾಯಿ, ಪೂರ್ತಿ ಕಾಲಿಗೆ ಅದರ ಮೂರು ನಾಲ್ಕು ಪಟ್ಟು. ಎಂಟು ಸಿಟ್ಟಿಂಗ್ ಎಂದು ಗುಣಿಸಿಯೇ ಲೆಕ್ಕ ಹಾಕಿ. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೇಳಿ. ಆರೋಗ್ಯ ವಿಮೆ ಇದಕ್ಕೆ ಸಿಗುವುದಿಲ್ಲ. ಹೆಸರಾಂತ ಕಂಪನಿಗಳ ಐಪಿಎಲ್ ಮೆಷಿನ್‌ಗೆ 20,000ದಿಂದ 40,000 ರೂಪಾಯಿ ಆಗುತ್ತದೆ. ನಾಲ್ಕೈದು ಸಾವಿರದವೂ ಇವೆ, ಅವುಗಳಲ್ಲಿ ಎಷ್ಟೋ ಮೆಷಿನ್‌ಗಳಿಗೆ ಚರ್ಮದ ಬಣ್ಣ ಅಳೆಯುವ ಸೆನ್ಸರ್ ಇರುವುದಿಲ್ಲ. ಈ ಸೆನ್ಸರ್ ಚರ್ಮ ತೀರಾ ಕಪ್ಪಿದ್ದರೆ ಫ್ಲ್ಯಾಷ್ ಬರದಂತೆ ತಡೆಯುತ್ತದೆ, ಅದಿಲ್ಲದ್ದನ್ನು ಕೊಳ್ಳಬೇಡಿ. ಡಬ್ಬಿಯ ಮೇಲೆ ಬಣ್ಣದ ಪಟ್ಟಿ ಇರುತ್ತದೆ, ಅದರ ಪಕ್ಕ ನಿಮ್ಮ ಕಾಲು ಹಿಡಿದು ನೋಡಿ. ಕೊನೆಯ ಕಪ್ಪು ಚೌಕಗಳಿಗೆ ಗುಣಾಕಾರದ ಗುರುತು ಹಾಕಿರುತ್ತಾರೆ. ನಿಮ್ಮ ಬಣ್ಣ ಅಲ್ಲಿದ್ದರೆ ಆ ಮೆಷಿನ್ ನಿಮಗಲ್ಲ. ಗೋಧಿ ಬಣ್ಣದವರು ಕೈಕಾಲಿಗೆ, ಕಂಕುಳಿಗೆ ತಾಳ್ಮೆಯಿಂದ ಬಳಸುವುದಾದರೆ ದುಡ್ಡಿಗೆ ಮೋಸವಿಲ್ಲ.

ಯಾವುದೇ ಆದರೂ ಹಿಂದಿನ ದಿನ ರೇಜರ್‌ನಿಂದ ಬೋಳಿಸಿಕೊಳ್ಳಿ. ವ್ಯಾಕ್ಸಿಂಗ್, ಥ್ರೆಡ್ಡಿಂಗ್ ನಾಲ್ಕು ವಾರ ಮೊದಲೇ ನಿಲ್ಲಿಸಿ, ಬುಡವೇ ಕಿತ್ತು ಬಂದರೆ ಬೆಳಕಿಗೆ ಗುರಿ ಉಳಿಯುವುದಿಲ್ಲ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ, ಹಚ್ಚೆ, ಮಚ್ಚೆಯ ಮೇಲೆ ಬೆಳಕು ಹಾಯಿಸಬಾರದು. ಬಸುರಿಯರು ಮುಂದೂಡುವುದು ಒಳ್ಳೆಯದು. ತೊನ್ನು ಇರುವವರು, ಗಾಯ ಉಬ್ಬಿ ಗಂಟಾಗುವ ಕೀಲಾಯ್ಡ್ ಇರುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ಅಥವಾ ಡಾಕ್ಸಿಸೈಕ್ಲಿನ್ ನುಂಗುತ್ತಿರುವವರು ಡಾಕ್ಟರಿಗೆ ಮೊದಲೇ ಹೇಳಿ. ಮಾಡಿಸುವಾಗ ಚುರ್ ಎನ್ನುತ್ತದೆ, ಒಂದೆರಡು ಗಂಟೆ ಕೆಂಪಗಿರುತ್ತದೆ, ಅದು ಸಹಜ. ಗುಳ್ಳೆ ಎದ್ದರೆ ಸಹಜವಲ್ಲ. ತಣ್ಣೀರಿನ ಬಟ್ಟೆ ಇಡಿ, ಚಿವುಟಬೇಡಿ, ಡಾಕ್ಟರಿಗೆ ತೋರಿಸಿ. ಆಮೇಲೆ ಕೆಲವು ವಾರ ಸನ್‌ಸ್ಕ್ರೀನ್ ಬಿಡಬೇಡಿ.

ಎಲ್ಲಿ ಮಾಡಿಸುವುದು? ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್‌.ಬಿ. ಅಥವಾ ಡಿಪ್ಲೊಮಾ ಮಾಡಿದ ಡಾಕ್ಟರು ಕೂತಿರುವ ಕಡೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿರಬೇಕು, ಆ ಪ್ರಮಾಣಪತ್ರ ಗೋಡೆಯ ಮೇಲಿದೆಯೇ ನೋಡಿ. ಮೆಡಿಕಲ್ ಕಾಲೇಜು ಹತ್ತಿರವಿದ್ದರೆ ಅಲ್ಲಿನ ಚರ್ಮ ವಿಭಾಗದಲ್ಲೂ ವಿಚಾರಿಸಿ, ಲೇಸರ್ ಇರುವ ಕಡೆ ದರ ಕಡಿಮೆ ಇರುವುದುಂಟು. ಪಾರ್ಲರಿನವರು ಅರ್ಧ ಬೆಲೆಗೆ ಕರೆದರೆ ಮೆಷಿನ್ ಹಿಡಿಯುವವರು ಯಾರು, ಸುಟ್ಟರೆ ನೋಡುವವರು ಯಾರು ಎಂದು ಕೇಳಿ. ಎಂಟು ಸಿಟ್ಟಿಂಗ್‌ನ ದುಡ್ಡು ಒಟ್ಟಿಗೆ ಕಟ್ಟುವ ಮೊದಲು ಮೊಣಕೈ ಒಳಬದಿಯಲ್ಲೋ ಗದ್ದದ ಕೆಳಗೋ ಪುಟ್ಟ ಜಾಗದಲ್ಲಿ ಪರೀಕ್ಷೆ ಮಾಡಿಸಿಕೊಂಡು, ಎರಡು ದಿನ ಕಾದು ನೋಡಿ.