ಹಿತ್ತಿಲ ಬಡ ಮಣ್ಣಿಗೆ ಖರ್ಚಿಲ್ಲದ ಆರೈಕೆ

ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರ ಮುಂತಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಹಿತ್ತಿಲ ಮಣ್ಣು ಬಹುಮಟ್ಟಿಗೆ ಮರಳು ಮಿಶ್ರಿತ ಕೆಂಪು ಮಣ್ಣು. ಮಳೆ ನಿಂತು ಬಿಸಿಲು ಬಿದ್ದೊಡನೆ ಇದರ ಮೇಲ್ಮೈ ಹಕ್ಕಳೆ ಕಟ್ಟುತ್ತದೆ. ಸೊಪ್ಪಿನ ಬೀಜದ ಮೊಳಕೆ ಮೇಲೇಳಲಾರದು. ಹಾಯಿಸಿದ ನೀರು ಬೇಗ ಇಂಗಿ ಹೋಗುತ್ತದೆ. ರಸಗೊಬ್ಬರ ಹಾಕಿದರೂ ಅದರ ಸಾರಜನಕದ ಒಂದು ಪಾಲು ನೀರಿನೊಡನೆ ಬಸಿದುಹೋಗುತ್ತದೆ. ಮನೆಯ ಊಟಕ್ಕೆ ಬೇಕಾದ ಬದನೆ, ದಂಟಿನ ಸೊಪ್ಪನ್ನೂ ಸಂತೆಯಿಂದ ತರುವ ಸ್ಥಿತಿ ಅನೇಕ ರೈತ ಕುಟುಂಬಗಳದ್ದು.

ಕೊರತೆ ಯಾವುದು?

ಈ ಮಣ್ಣಿನ ಮುಖ್ಯ ಕೊರತೆ ಸಾವಯವ ಪದಾರ್ಥ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕಡಿಮೆ ಬಂದರೆ ಅದನ್ನು ಬಡ ಮಣ್ಣೆಂದೇ ಎಣಿಸುತ್ತಾರೆ. ಸಾವಯವ ಪದಾರ್ಥವು ಮಣ್ಣಿನ ಕಣಗಳನ್ನು ಬೆಸೆದು, ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುತ್ತದೆ. ಇದನ್ನು ಹಣ ಕೊಟ್ಟು ತರಬೇಕಾಗಿಲ್ಲ. ನೀವು ಬೆಂಕಿಗೆ ಹಾಕುವ ತರಗೆಲೆ, ಚರಂಡಿಗೆ ಬಿಡುವ ಗಂಜಲ, ಬೀದಿಗೆಸೆಯುವ ಅವರೆಕಾಯಿ ಸಿಪ್ಪೆ, ಇವುಗಳಲ್ಲೇ ಅದು ಇದೆ.

ಆದರೆ ಒಣ ಕಸವನ್ನು ನೇರವಾಗಿ ಪಾತಿಗೆ ಬೆರೆಸಕೂಡದು. ಒಣ ಹುಲ್ಲಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಗಿಡಗಳು ಹಳದಿಯಾಗುತ್ತವೆ. ಗೆದ್ದಲಿನ ಕಾಟವೂ ಹೆಚ್ಚುತ್ತದೆ. ಆದ್ದರಿಂದ ಮೊದಲು ಕಳಿಸಿ, ಆಮೇಲೆ ಮಣ್ಣಿಗೆ ಸೇರಿಸಿ.

ಗುಂಡಿ ತುಂಬುವ ಕ್ರಮ

ನೀರು ಕಡಿಮೆ ಇರುವ ನಮ್ಮ ಕಡೆಗೆ ಬೆಂಗಳೂರು ಪದ್ಧತಿ ಅನುಕೂಲಕರ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ಗೊಬ್ಬರವನ್ನು ಮಗುಚಿ ಹಾಕುವ ಕೆಲಸವಿಲ್ಲ.

1. ನೀರು ನಿಲ್ಲದ, ನೆರಳಿರುವ ಕಡೆ 6 ಅಡಿ ಉದ್ದ, 4 ಅಡಿ ಅಗಲ, 3 ಅಡಿ ಆಳದ ಗುಂಡಿ ತೋಡಿ.

2. ತರಗು, ಕಳೆ, ದನ ತಿಂದು ಬಿಟ್ಟ ಹುಲ್ಲನ್ನು ಅರ್ಧ ಅಡಿ ದಪ್ಪ ಹರಡಿ, ನೀರು ಚಿಮುಕಿಸಿ. ಅದರ ಮೇಲೆ 2 ಅಂಗುಲ ಸಗಣಿ, ತೆಳುವಾಗಿ ಮಣ್ಣು ಹಾಕಿ. ಹೀಗೆ ಪದರ ಪದರವಾಗಿ ನೆಲಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ತುಂಬಿ.

3. ಮೇಲ್ಭಾಗವನ್ನು ಕೆಸರಿನಿಂದ ಸಾರಿಸಿ ಮುಚ್ಚಿ. ಬಿರುಕು ಬಿಟ್ಟಲ್ಲಿ ಮತ್ತೆ ಮೆತ್ತಿ. 6ರಿಂದ 8 ತಿಂಗಳಲ್ಲಿ ಗೊಬ್ಬರ ಸಿದ್ಧ.

ರಾಗಿ ಕೊಯ್ಲು ಮುಗಿದು ಬಿಡುವಾದಾಗ, ಡಿಸೆಂಬರಿನಲ್ಲಿ ತುಂಬಿದ ಗುಂಡಿ ಮುಂಗಾರಿನ ನಾಟಿಗೆ ಒದಗುತ್ತದೆ. ಒಂದು ಗುಂಟೆಗೆ 250 ಕಿಲೋ ಗೊಬ್ಬರ ಬೇಕು. ತೆರೆದ ತಿಪ್ಪೆಯಲ್ಲಾದರೋ ಬಿಸಿಲಿಗೆ ಸಾರಜನಕ ಆವಿಯಾಗುತ್ತದೆ, ಮಳೆಗೆ ಸತ್ವ ತೊಳೆದುಹೋಗುತ್ತದೆ.

ಗಂಜಲವನ್ನು ಕಳೆದುಕೊಳ್ಳಬೇಡಿ

ದನಗಳು ತಿಂದ ಮೇವಿನ ಪೊಟ್ಯಾಷಿನ ಹೆಚ್ಚಿನ ಭಾಗವೂ ಸಾರಜನಕದ ದೊಡ್ಡ ಪಾಲೂ ಗಂಜಲದಲ್ಲೇ ಹೊರಬರುತ್ತವೆ. ಕೊಟ್ಟಿಗೆಯಲ್ಲಿ ಒಣಮಣ್ಣು ಅಥವಾ ತರಗು ಹಾಸಿ, ನೆನೆದದ್ದನ್ನು ದಿನವೂ ಗುಂಡಿಗೆ ಹಾಕಿ. ಇದಕ್ಕೆ ಒಲೆಯ ಬೂದಿ ಬೆರೆಸಕೂಡದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಬೂದಿಯನ್ನು ಬೇರೆಯಾಗಿ ಪಾತಿಗೆ ತೆಳುವಾಗಿ ಉದುರಿಸಬಹುದು. ಚೌಳು ಮಣ್ಣಿಗೆ ಮಾತ್ರ ಬೂದಿ ಬೇಡ.

ಹಸಿರೆಲೆ ಮತ್ತು ಕೆರೆಯ ಹೂಳು

ದನಗಳಿಲ್ಲದವರು ಮುಂಗಾರಿನ ಮೊದಲ ಮಳೆಗೆ ಗುಂಟೆಗೆ ಅರ್ಧ ಕಿಲೋ ಸೆಣಬಿನ ಬೀಜ ಚೆಲ್ಲಿ, ಸುಮಾರು 45 ದಿನಕ್ಕೆ ಹೂ ಕಾಣುವಾಗ ಗಿಡಗಳನ್ನು ಮಣ್ಣಿಗೆ ಸೇರಿಸಲಿ. ಎರಡು ಮೂರು ವಾರ ಬಿಟ್ಟು ನಾಟಿ ಮಾಡಬೇಕು. ಬೇಲಿಯಲ್ಲಿ ಗ್ಲಿರಿಸಿಡಿಯಾ ಕಡ್ಡಿ ನೆಟ್ಟರೆ ಬೇರೂರಿದ ಮೇಲೆ ವರ್ಷವರ್ಷವೂ ಸೊಪ್ಪು ಸಿಗುತ್ತದೆ. ಕಾಂಗ್ರೆಸ್ ಕಳೆಯನ್ನೂ ಹೂ ಬಿಡುವ ಮೊದಲೇ ಕಿತ್ತು ಗುಂಡಿಗೆ ಹಾಕಬಹುದು. ಆದರೆ ಬರಿಗೈಯಿಂದ ಮುಟ್ಟಬೇಡಿ, ಚರ್ಮಕ್ಕೆ ತುರಿಕೆ ಬರುತ್ತದೆ.

ಬೇಸಗೆಯಲ್ಲಿ ಬತ್ತಿದ ಕೆರೆಯ ಹೂಳು ಸಿಕ್ಕರೆ ಹರಡಿ ಒಣಗಿಸಿ, ಪುಡಿ ಮಾಡಿ ಬೆರೆಸಿ. ಅದರ ಜೇಡಿ ಅಂಶ ಮರಳು ಮಣ್ಣಿನಲ್ಲಿ ತೇವ ನಿಲ್ಲಿಸುತ್ತದೆ. ಊರ ಕೊಳಚೆ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಹೂಳನ್ನು ಎಂದಿಗೂ ತರಬಾರದು.

ನಮ್ಮ ಬಿಸಿಲಿಗೆ ಸಾವಯವ ಪದಾರ್ಥ ಬೇಗ ಕರಗುತ್ತದೆ. ಒಂದು ಸಲ ಹಾಕಿ ಕೈಬಿಟ್ಟರೆ ಮಣ್ಣು ಮತ್ತೆ ಹಕ್ಕಳೆ ಕಟ್ಟುತ್ತದೆ. ವರ್ಷಕ್ಕೊಂದು ಗುಂಡಿ ತುಂಬುವುದನ್ನು ಮನೆಯ ವಾಡಿಕೆಯಾಗಿಸಿಕೊಳ್ಳಿ. ಮೂರು ನಾಲ್ಕು ವರ್ಷಗಳಲ್ಲಿ ನಿಮ್ಮ ಗುದ್ದಲಿಗೇ ವ್ಯತ್ಯಾಸ ತಿಳಿಯುತ್ತದೆ.